ಬಿಸಿಲ ನಾಡಿನಲ್ಲಿ ಹೊಸಬನ ಮೊದಲ ದಿನಗಳು

ಏಪ್ರಿಲ್ ತಿಂಗಳು ಮುಗಿಯುತ್ತ ಬಂದಂತೆ ನಮ್ಮ ಕುಟುಂಬಗಳಲ್ಲೆಲ್ಲ ಒಂದೇ ಮಾತು: ಈ ಸಲ ರಜೆಗೆ ಎಲ್ಲಿಗೆ? ಉಳ್ಳವರು ಊಟಿ, ಕೊಡೈಕನಾಲ್, ಮಡಿಕೇರಿಗಳ ಹೆಸರು ಹೇಳುತ್ತಾರೆ. ಹರಕೆ ಹೊತ್ತವರು ವೇಳಾಂಗಣ್ಣಿಗೆ ಹೋಗಿ ಬರುತ್ತಾರೆ. ತಂಪನ್ನು ಅರಸಿ ಹೋಗುವುದು ಮನುಷ್ಯಸಹಜವಾದದ್ದು. ಬಿಸಿಲನ್ನು ಅರಸಿ ಹೋಗುವವರನ್ನು ನಾನಂತೂ ಕಂಡಿಲ್ಲ. ಹೀಗಿರುವಾಗ, ಕಳೆದ ಬೇಸಿಗೆಯಲ್ಲಿ ನನಗೆ ದೊರೆತ ಐದು ದಿನಗಳ ಬಿಡುವನ್ನು ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡಗಳಲ್ಲಿ ಕಳೆದು ಬರುತ್ತೇನೆಂದು ಹೇಳಿದಾಗ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ನಕ್ಕುಬಿಟ್ಟರು. "ಮೇ ತಿಂಗಳಲ್ಲಿ ಪಾವಗಡಕ್ಕಾ ಸ್ವಾಮಿ? ಅಲ್ಲಿಯವರೇ ಊರು ಬಿಟ್ಟು ಬೆಂಗಳೂರಿಗೆ ಬರುತ್ತಾರಲ್ಲ!" ಎಂದರು. ಆ ಮಾತಿನಲ್ಲಿ ತಮಾಷೆಗಿಂತ ನಿಜವೇ ಹೆಚ್ಚಾಗಿತ್ತೆಂಬುದು ಹೋಗಿ ಬಂದ ಮೇಲೆ ನನಗೆ ಅರಿವಾಯಿತು.

ಹೋಗುವುದಕ್ಕೆ ಒಂದು ಹಳೆಯ ಕುತೂಹಲವೂ ಕಾರಣವಾಗಿತ್ತು. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ಕಾಲದಲ್ಲಿ ಸಂತ ಪೀಟರ್ ಕ್ಲೇವರ್ ಅವರ ಜೀವನಚರಿತ್ರೆಯನ್ನು ಓದಿದ್ದೆ. ಸ್ಪೇನ್ ದೇಶದ ಕತಲೋನಿಯಾ ಪ್ರಾಂತದಲ್ಲಿ ಹುಟ್ಟಿದ ಈ ಯೇಸುಸಭೆಯ ತರುಣರು 1610ರಲ್ಲಿ ದಕ್ಷಿಣ ಅಮೆರಿಕದ ಕಾರ್ಟಹೇನಾ ನಗರದಲ್ಲಿ ಬಂದಿಳಿದರು. ಇಂದಿನ ಕೊಲಂಬಿಯಾ ದೇಶದ ಉತ್ತರ ಭಾಗದಲ್ಲಿ, ಕೆರಿಬಿಯನ್ ಸಮುದ್ರದ ದಂಡೆಯ ಮೇಲಿರುವ ಈ ಪಟ್ಟಣವನ್ನು ಸ್ಪೇನಿನವರು 1533ರಲ್ಲಿ ಸ್ಥಾಪಿಸಿದರು. ಅಲ್ಲಿ ವರ್ಷದ ಹನ್ನೆರಡು ತಿಂಗಳೂ ಸೆಕೆ. ಕಡಲಿನ ತೇವದಿಂದ ಮೈಮೇಲಿನ ಬೆವರು ಆರುವುದೇ ಇಲ್ಲ. ಚಳಿಗಾಲವೆಂಬುದನ್ನು ಬಲ್ಲ ನಾಡಿನಿಂದ ಬಂದ ಮೂವತ್ತರ ಹರೆಯದ ಆ ಮನುಷ್ಯ ತನ್ನ ಮೊದಲ ದಿನಗಳನ್ನು ಆ ಊರಿನಲ್ಲಿ ಹೇಗೆ ಕಳೆದಿರಬಹುದು? ಎಲ್ಲಿ ನೆರಳು ಹುಡುಕಿರಬಹುದು? ಯಾರ ಕೈಯಿಂದ ನೀರು ಕುಡಿದಿರಬಹುದು? ಚರಿತ್ರೆಯ ಪುಸ್ತಕಗಳು ಇಂತಹ ಸಣ್ಣ ಸಂಗತಿಗಳನ್ನು ಬರೆದಿಡುವುದಿಲ್ಲ. ಕಾರ್ಟಹೇನಾಕ್ಕೆ ಹೋಗಿ ನೋಡುವ ಅನುಕೂಲ ನನಗಿಲ್ಲ. ಆದರೆ ಬಿಸಿಲೂರಿಗೆ ಹೊಸಬನಾಗಿ ಹೋಗುವುದೆಂದರೇನು ಎಂಬುದನ್ನು ತಿಳಿಯಲು ಸಮುದ್ರ ದಾಟಬೇಕಾಗಿಲ್ಲ. ತುಮಕೂರಿನಲ್ಲಿ ಬಸ್ಸು ಹತ್ತಿದರೆ ಸಾಕು.

ಕೊರಟಗೆರೆ: ಮರಳಿನ ಕೆಳಗಿನ ನೀರು

ಮೊದಲನೆಯ ದಿನ ಬೆಳಿಗ್ಗೆ ತುಮಕೂರಿನಿಂದ ಉತ್ತರಕ್ಕೆ ಹೊರಟ ಬಸ್ಸು ಒಂದು ಗಂಟೆಯೊಳಗೆ ಕೊರಟಗೆರೆಗೆ ತಲುಪಿಸಿತು. ಈ ನಾಲ್ಕು ತಾಲೂಕುಗಳ ಪೈಕಿ ಕಣ್ಣಿಗೆ ಹೆಚ್ಚು ಹಸಿರಾಗಿ ಕಾಣುವುದು ಇದೇ. ಸುತ್ತಲೂ ಬೆಟ್ಟಸಾಲು, ಗಿಡಮೂಲಿಕೆಗಳಿಗೆ ಹೆಸರಾದ ಸಿದ್ದರಬೆಟ್ಟ ಹತ್ತಿರದಲ್ಲೇ ಇದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಈ ಸೀಮೆಯಲ್ಲಿ ಹರಿದು ಮುಂದೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಊರು ಸೇರಿದೊಡನೆ ನಾನು ನದಿಯನ್ನು ನೋಡಲು ಹೋದೆ. ನದಿ ಇರಲಿಲ್ಲ, ಮರಳಿತ್ತು. ಅಗಲವಾದ ಆ ಪಾತ್ರದಲ್ಲಿ ಒಂದು ಹನಿ ನೀರೂ ಕಾಣಲಿಲ್ಲ. ಜಾಲಿಯ ಗಿಡಗಳು ಬೆಳೆದಿದ್ದವು.

"ನದಿ ಬತ್ತಿಹೋಗಿದೆ" ಎಂದು ಪಕ್ಕದಲ್ಲಿದ್ದ ರೈತರೊಬ್ಬರ ಬಳಿ ಹೇಳಿದೆ. ಅವರು ನನ್ನ ಮಾತನ್ನು ಒಪ್ಪಲಿಲ್ಲ. "ಮೇಲೆ ಬತ್ತೈತೆ ಸ್ವಾಮಿ. ಕೆಳಗೆ ಎಷ್ಟೈತೆ ಅನ್ನಾದು ಬಗೆದೋನಿಗೇ ಗೊತ್ತು" ಎಂದು ಹೇಳಿ, ತಮ್ಮ ಊರಿನ ತಲಪರಿಗೆಯ ವಿಷಯವನ್ನು ವಿವರಿಸಿದರು.

ತಲಪರಿಗೆ ಎಂಬ ಶಬ್ದವನ್ನು ನಮ್ಮ ಅನೇಕ ಓದುಗರು ಕೇಳಿರಲಾರರು. ಅದು ಈ ನಾಲ್ಕೂ ತಾಲೂಕುಗಳ ಹಿರಿಯರು ಬಲ್ಲ ಜಲಮೂಲ. ಹಳ್ಳದ ಮರಳಿನಲ್ಲಿಯೋ ಕೆರೆಯ ಅಂಗಳದಲ್ಲಿಯೋ ಅಂತರ್ಜಲ ತಾನಾಗಿ ಮೇಲಕ್ಕೆ ಒಸರುವ ಜಾಗವನ್ನು ಗುರುತಿಸಿ, ಹೆಚ್ಚು ಆಳವಿಲ್ಲದ ಗುಂಡಿ ತೋಡಿ, ಕಲ್ಲು ಕಟ್ಟಿ, ಅಲ್ಲಿಂದ ಕಾಲುವೆಯ ಮೂಲಕ ನೀರನ್ನು ಹೊಲಗದ್ದೆಗಳಿಗೆ ಹರಿಸುತ್ತಿದ್ದರು. ಕುಡಿಯುವುದಕ್ಕೂ ಅದೇ ನೀರು, ದನಕರುಗಳಿಗೂ ಅದೇ ನೀರು. ಯಂತ್ರ ಬೇಕಿಲ್ಲ, ವಿದ್ಯುತ್ತು ಬೇಕಿಲ್ಲ. ಬೇಕಾಗಿದ್ದುದು ಊರಿನ ಒಗ್ಗಟ್ಟು. ಹೂಳೆತ್ತುವ ದಿನ ನೀರು ಪಡೆಯುವ ಮನೆಗಳವರೆಲ್ಲ ಕೆಲಸಕ್ಕೆ ಬರಬೇಕು. ಸರದಿಯಂತೆ ನೀರು ಹಂಚಿಕೊಳ್ಳಬೇಕು. ಕೊಳವೆಬಾವಿಗಳು ಬಂದ ಮೇಲೆ ಪ್ರತಿಯೊಬ್ಬನಿಗೂ ತನ್ನದೇ ನೀರು ಸಿಕ್ಕಿತು. ಒಟ್ಟಾಗಿ ಹೂಳೆತ್ತುವ ಅಗತ್ಯ ತಪ್ಪಿತು. ಬಾವಿಗಳು ಆಳಕ್ಕಿಳಿದಂತೆ ಅನೇಕ ತಲಪರಿಗೆಗಳು ಬತ್ತಿದವು. ಕೆಲವು ಮಾತ್ರ ಇಂದಿಗೂ ಉಳಿದಿವೆ.

ಆ ರೈತರು ನಡೆದೇ ಕರೆದುಕೊಂಡು ಹೋಗಿ ತೋರಿಸಿದ ತಲಪರಿಗೆಯಲ್ಲಿ ಮೊಣಕಾಲುದ್ದ ನೀರಿತ್ತು. ನಾನು ನೋಡಿದ ಮರಳಿಗೂ ಆ ನೀರಿಗೂ ಇದ್ದ ದೂರ ಬಹಳವೇನಲ್ಲ. ನಮ್ಮ ತಿಳುವಳಿಕೆಯೆಲ್ಲವೂ ಇಂದ್ರಿಯಗಳಿಂದ ಆರಂಭವಾಗುತ್ತದೆಂಬುದು ಅರಿಸ್ಟಾಟಲನ ಮತ್ತು ಸಂತ ಥಾಮಸ್ ಅಕ್ವಿನಾಸರ ನಿಲುವು. ಅದನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಕಂಠಪಾಠ ಮಾಡಿದ್ದೆವು. ಆದರೆ ಇಂದ್ರಿಯಗಳಲ್ಲೇ ತಿಳುವಳಿಕೆ ಮುಗಿಯುವುದಿಲ್ಲ. ಕಣ್ಣು ಮರಳನ್ನು ಕಂಡಿತು. ತೀರ್ಪು ಕೊಡಲು ಅವಸರಪಟ್ಟವನು ನಾನು. ಇದು ನನ್ನ ಮೊದಲನೆಯ ಪಾಠವಾಗಬೇಕಿತ್ತು. ಆದರೆ ಅದನ್ನು ನಾನು ಆಗ ಕಲಿಯಲಿಲ್ಲವೆಂಬುದು ಪಾವಗಡದಲ್ಲಿ ಗೊತ್ತಾಯಿತು. ಆ ಮಾತು ಮುಂದೆ ಬರುತ್ತದೆ.

ಮಧುಗಿರಿ: ಬಂಡೆ ಹೇಳಿದ ವೇಳಾಪಟ್ಟಿ

ಸಂಜೆಗೆ ಮಧುಗಿರಿ ಸೇರಿದೆ. ಏಕಶಿಲೆಯ ಆ ಬೃಹತ್ ಬೆಟ್ಟವನ್ನು ನೋಡದೆ ಆ ಊರಿನಲ್ಲಿ ಯಾವ ಬೀದಿಯಲ್ಲೂ ನಡೆಯಲು ಸಾಧ್ಯವಿಲ್ಲ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಈ ಬಂಡೆಯ ಮೇಲೆ ಸ್ಥಳೀಯ ನಾಯಕರು ಕಟ್ಟಿದ ಕೋಟೆ ಮುಂದೆ ಹೈದರಾಲಿಯ ವಶವಾಯಿತು. ಬುಡದಲ್ಲಿ ವೆಂಕಟರಮಣಸ್ವಾಮಿ ಮತ್ತು ಮಲ್ಲೇಶ್ವರಸ್ವಾಮಿ ದೇವಾಲಯಗಳು ಅಕ್ಕಪಕ್ಕದಲ್ಲೇ ನಿಂತಿವೆ.

ಎರಡನೆಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ತಿಂಡಿ ತಿಂದು, ಪತ್ರಿಕೆ ಓದಿ, ಒಂಬತ್ತೂವರೆಗೆ ಬೆಟ್ಟ ಹತ್ತಲು ಹೊರಟೆ. ಅದು ನಮ್ಮ ಪಟ್ಟಣದ ವೇಳಾಪಟ್ಟಿ. ಬೆಟ್ಟಕ್ಕೆ ಬೇರೆಯದೇ ವೇಳಾಪಟ್ಟಿ ಇತ್ತು. ಮೊದಲ ಬಾಗಿಲುಗಳನ್ನು ದಾಟಿ ಮೇಲೇರುವಷ್ಟರಲ್ಲಿ ಬಂಡೆ ಕಾದು ಹೆಂಚಾಗಿತ್ತು. ಬಿಸಿಲು ನೆತ್ತಿಯಿಂದ ಇಳಿದಂತೆಯೇ ಪಾದದಿಂದಲೂ ಏರುತ್ತಿತ್ತು. ಇಲ್ಲಿಯ ಬಿಸಿಲಿಗೆ ಒಂದು ಮೋಸಗಾರಿಕೆಯಿದೆ. ಕರಾವಳಿಯಲ್ಲಿ ಬೆವರು ಸುರಿಯುವುದರಿಂದ ಮನುಷ್ಯ ಎಚ್ಚರಗೊಳ್ಳುತ್ತಾನೆ. ಈ ಒಣಗಾಳಿಯಲ್ಲಿ ಬೆವರು ಬಂದದ್ದೇ ಆರಿಹೋಗುತ್ತದೆ. ಮೈಯ ನೀರು ಖಾಲಿಯಾಗುತ್ತಿರುವುದು ತಲೆ ತಿರುಗುವವರೆಗೂ ತಿಳಿಯುವುದಿಲ್ಲ. ಕಂಬಿ ಹಿಡಿದು ಹತ್ತಬೇಕಾದ ಕಡಿದಾದ ಜಾಗಕ್ಕೆ ಬರುವಷ್ಟರಲ್ಲಿ ನನ್ನ ಕಣ್ಣು ಕತ್ತಲಿಟ್ಟಿತು. ಕಂಬಿಯೂ ಕೈ ಸುಡುತ್ತಿತ್ತು. ಐವತ್ತು ದಾಟಿದ ದೇಹ ಅಲ್ಲಿಯೇ ಕುಳಿತುಬಿಟ್ಟಿತು.

ಕೆಳಗೆ ಮೇಕೆಗಳನ್ನು ನೆರಳಿಗೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ಕೂಗಿ ಕೇಳಿದರು: "ಯಾವೂರು ಸ್ವಾಮಿ ನಿಮ್ದು? ಈ ಹೊತ್ನಾಗೆ ಬೆಟ್ಟ ಹತ್ತಾರಾ? ಮೇಕೆಗಳೇ ಇಳಿದವೆ! ನಾಳೆ ನಸುಕಿಗೆ ಬನ್ನಿ, ಎಂಟಕ್ಕೆಲ್ಲ ಇಳ್ದುಬಿಡಿ." ನಾನು ಸಾವಕಾಶವಾಗಿ ಇಳಿದು ಬಂದೆ. ಮಧ್ಯಾಹ್ನವಿಡೀ ದೇವಾಲಯದ ಬಳಿಯ ಕಲ್ಲುಮಂಟಪದ ನೆರಳಿನಲ್ಲಿ ಕಳೆಯಬೇಕಾಯಿತು. ನೋಡಿದರೆ, ಊರೇ ಹಾಗೆ ಮಲಗಿತ್ತು. ಹಲವು ಅಂಗಡಿಗಳ ಬಾಗಿಲು ಅರ್ಧ ಎಳೆದಿತ್ತು. ಆಟೋ ಚಾಲಕರು ಬೇವಿನ ಮರದ ಕೆಳಗೆ ನಿದ್ರಿಸುತ್ತಿದ್ದರು. ಪಟ್ಟಣದವರು ಇದನ್ನು ಸೋಮಾರಿತನವೆಂದು ತಿಳಿಯುತ್ತಾರೆ. ಸ್ಪೇನಿನವರೂ ದಕ್ಷಿಣ ಅಮೆರಿಕದ ಬಿಸಿ ನಾಡಿನವರೂ ಮಧ್ಯಾಹ್ನದ ಈ ವಿಶ್ರಾಂತಿಯನ್ನು 'ಸಿಯೆಸ್ತಾ' ಎನ್ನುತ್ತಾರೆ. ಲತೀನ್ ಭಾಷೆಯ 'ಸೆಕ್ಸ್ತಾ', ಅಂದರೆ ದಿನದ ಆರನೆಯ ಗಳಿಗೆ ಎಂಬ ಪದದಿಂದ ಹುಟ್ಟಿದ ಮಾತದು. ಸೂರ್ಯೋದಯದಿಂದ ಎಣಿಸಿದರೆ ಆರನೆಯ ಗಳಿಗೆಯೆಂದರೆ ನಡುಮಧ್ಯಾಹ್ನ. ನಾವು ಗುರುಗಳು ದಿನನಿತ್ಯ ಹೇಳುವ ಮಧ್ಯಾಹ್ನದ ಪ್ರಾರ್ಥನೆಗೂ ಅದೇ ಹೆಸರು. ಇಷ್ಟು ವರ್ಷ ಆ ಪ್ರಾರ್ಥನೆಯನ್ನು ಹೇಳುತ್ತ ಬಂದ ನನಗೆ, ಆ ಗಳಿಗೆಯ ಬಿಸಿ ಎಂತಹದೆಂಬುದು ಅಂದೇ ತಿಳಿದದ್ದು.

ಮೂರನೆಯ ದಿನ ನಸುಕಿನಲ್ಲೇ ಹೊರಟೆ. ಬಂಡೆ ತಂಪಾಗಿತ್ತು, ಗಾಳಿ ಬೀಸುತ್ತಿತ್ತು. ಮಳೆನೀರು ಹಿಡಿದಿಡುವುದಕ್ಕಾಗಿ ಇರುವ ಕಲ್ಲಿನ ದೊಣೆಗಳನ್ನು ದಾಟಿ, ನಿಧಾನವಾಗಿ ಏರಿ, ತುದಿಯಲ್ಲಿರುವ ಪಾಳುಬಿದ್ದ ಗೋಪಾಲಕೃಷ್ಣ ದೇವಾಲಯದ ಬಳಿ ಕುಳಿತಾಗ ಸೂರ್ಯ ಮೇಲೇರುತ್ತಿದ್ದ. ಸುತ್ತಲೂ ಬಯಲು, ಒಣಗಿದ ಕೆರೆಗಳು, ದೂರದೂರದಲ್ಲಿ ಒಂಟಿ ಬಂಡೆಗಳು.

ಅಲ್ಲಿ ನನಗೆ ನೆನಪಾದವರು ಕೆಳದಿಯ ರಾಣಿ ವೀರಮ್ಮಾಜಿ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು, ರಾಣಿಯನ್ನೂ ಆಕೆಯ ದತ್ತುಪುತ್ರನನ್ನೂ ಸೆರೆಹಿಡಿದು ಇದೇ ಮಧುಗಿರಿಯ ಕೋಟೆಯಲ್ಲಿ ಇರಿಸಿದನು. ಬಿದನೂರು ಇಂದಿನ ನಗರ. ನಮ್ಮ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸೀಮೆಗಳಲ್ಲೊಂದು. ತಿಂಗಳುಗಟ್ಟಲೆ ಸೂರ್ಯನನ್ನೇ ಕಾಣದ ಮಲೆನಾಡಿನ ಅರಮನೆಯಿಂದ ಬಂದ ಆ ಹೆಣ್ಣುಮಗಳು ಈ ಬರಡು ಬಂಡೆಯ ಮೇಲೆ ಮೊದಲ ಬೇಸಿಗೆಯನ್ನು ಹೇಗೆ ತಾಳಿಕೊಂಡಿರಬಹುದು! ನಾನಾದರೋ ಹಿಂದಿನ ದಿನ ಸುಸ್ತಾದಾಗ ಇಳಿದು ಬಂದೆ. ಆಕೆಗೆ ಇಳಿಯುವ ಸ್ವಾತಂತ್ರ್ಯವಿರಲಿಲ್ಲ. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ಸೈನ್ಯ ಆಕೆಯನ್ನು ಬಿಡಿಸಿತು. ಆದರೆ ಪುಣೆಗೆ ಹೋಗುವ ದಾರಿಯಲ್ಲಿಯೇ ಆಕೆ ತೀರಿಕೊಂಡರೆಂದು ಚರಿತ್ರೆ ಹೇಳುತ್ತದೆ. ಬಿಸಿಲೂರಿಗೆ ಹೊಸಬರಾಗಿ ಬರುವವರೆಲ್ಲರೂ ಪ್ರವಾಸಿಗಳಲ್ಲ. ಎಷ್ಟೋ ಮಂದಿ ಎಳೆತರಲ್ಪಟ್ಟವರು. ಕಾರ್ಟಹೇನಾದ ಬಂದರಿನಲ್ಲಿ ಇಳಿದವರ ಕಥೆಯೂ ಇದೇ ಎಂಬುದನ್ನು ನೆನೆಯುತ್ತ, ಎಂಟು ಗಂಟೆಗೆ ಮುಂಚೆಯೇ, ಆ ಮೇಕೆಯ ಮುದುಕರು ಹೇಳಿದಂತೆ, ಕೆಳಗಿಳಿದೆ.

ಶಿರಾ: ಹೊಸಬರು ನೆಟ್ಟ ತೋಟ

ಮೂರನೆಯ ದಿನದ ಸಂಜೆ ಶಿರಾಕ್ಕೆ ಬಂದೆ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನಮ್ಮಲ್ಲಿ ಬಹಳ ಮಂದಿ ಈ ಊರನ್ನು ಹಾದು ಹೋಗಿದ್ದಾರೆ, ಇಳಿದವರು ಕಡಿಮೆ. ಇಳಿದು ನೋಡಿದವರಿಗೆ ಶಿರಾ ಒಂದು ಕಾಲದ ರಾಜಧಾನಿಯೆಂದು ತಿಳಿಯುತ್ತದೆ. ಬಿಜಾಪುರದ ಆದಿಲಶಾಹಿಗಳ ಅಧಿಕಾರಿಯಾಗಿದ್ದ ಮಲಿಕ್ ರೆಹಾನನ ದರ್ಗಾ ಇಲ್ಲಿದೆ. 1687ರಲ್ಲಿ ಮೊಗಲರು ಈ ಸೀಮೆಯನ್ನು ಗೆದ್ದು ಶಿರಾವನ್ನು ಒಂದು ಸುಬಾದ ಮುಖ್ಯಪಟ್ಟಣವನ್ನಾಗಿ ಮಾಡಿದರು. ಜುಮ್ಮಾ ಮಸೀದಿ 1696ರದು. ಸುಬೇದಾರ ದಿಲಾವರ್ ಖಾನನ ಕಾಲದಲ್ಲಿ ಈ ಊರಿನಲ್ಲಿ 50,000 ಮನೆಗಳಿದ್ದವೆಂಬ ಹೇಳಿಕೆಯಿದೆ. ಮುಂದೆ ಟಿಪ್ಪುವಿನ ಕಾಲದಲ್ಲಿ 12,000 ಕುಟುಂಬಗಳನ್ನು ಇಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದರೆಂದು ಹಳೆಯ ಗೆಜೆಟಿಯರುಗಳು ದಾಖಲಿಸಿವೆ. 1800ರಲ್ಲಿ ಈ ಮಾರ್ಗವಾಗಿ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಗೆ ಕಂಡದ್ದು ಹಾಳುಬಿದ್ದ ನಗರ.

ಉತ್ತರದಿಂದ ಈ ಒಣನೆಲಕ್ಕೆ ಅಧಿಕಾರಿಗಳಾಗಿ ಬಂದವರು ಇಲ್ಲಿ ತೋಟವನ್ನೂ ಬೆಳೆಸಿದರು. ಅವರ ತೋಟವೇ ಹೈದರಾಲಿಯು ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಮಾಡಿಸಲು ಮಾದರಿಯಾಯಿತೆಂದು ಹೇಳುತ್ತಾರೆ. ಇಂದು ನಮ್ಮ ಮಕ್ಕಳು ಲಾಲ್‌ಬಾಗಿನ ನೆರಳಿನಲ್ಲಿ ಆಡುವಾಗ, ಆ ನೆರಳಿನ ಬೇರು ಬಿಸಿಲಿನ ಶಿರಾದಲ್ಲಿದೆ ಎಂಬುದನ್ನು ಅವರಿಗೆ ಹೇಳಬಹುದು.

ಮಧುಗಿರಿಯ ಪಾಠವನ್ನು ಮರೆಯದೆ ನಾಲ್ಕನೆಯ ದಿನ ಬೆಳಕು ಹರಿಯುವ ಮುಂಚೆಯೇ ಕಗ್ಗಲಡು ಎಂಬ ಹಳ್ಳಿಗೆ ಹೊರಟೆ. ಶಿರಾದಿಂದ ಹತ್ತು ಕಿಲೋಮೀಟರಿನೊಳಗಿರುವ ಈ ಊರಿನ ನಡುವೆ, ಮನೆಗಳ ಮೇಲೆಯೇ ಬಾಗಿರುವ ಹುಣಿಸೆಯ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ದೊಡ್ಡ ದೊಡ್ಡ ಹಕ್ಕಿಗಳು, ಹಳದಿ ಕೊಕ್ಕು, ರೆಕ್ಕೆಯಲ್ಲಿ ಗುಲಾಬಿ ಛಾಯೆ. ಬಿಸಿಲೇರಿದಂತೆ ತಾಯಿಹಕ್ಕಿ ರೆಕ್ಕೆಗಳನ್ನು ಅರ್ಧ ಬಿಚ್ಚಿ, ಸೂರ್ಯನಿಗೆ ಬೆನ್ನುಕೊಟ್ಟು, ಮರಿಗಳ ಮೇಲೆ ನೆರಳು ಹಿಡಿದು ನಿಲ್ಲುತ್ತದೆ. ಎಷ್ಟು ಹೊತ್ತು ನೋಡಿದರೂ ಅದು ಕದಲಲಿಲ್ಲ. ಮರದ ಕೆಳಗೆಲ್ಲ ಹಿಕ್ಕೆ, ಮೀನಿನ ವಾಸನೆ. ಆದರೂ ಊರಿನವರು ಮರ ಕಡಿಯದೆ, ಹಕ್ಕಿಗಳನ್ನು ಬೆದರಿಸದೆ ಉಳಿಸಿಕೊಂಡು ಬಂದಿದ್ದಾರೆ. ಕೆರೆಗಳು ಒಣಗಿದ ವರ್ಷ ಹಕ್ಕಿಗಳು ಕಡಿಮೆ ಎಂದು ಅವರು ವ್ಯಸನಪಡುತ್ತಾರೆ. "ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಇದ್ದಂಗೆ ಸ್ವಾಮಿ, ಓಡಿಸಾಕಾಯ್ತದಾ?" ಎಂದು ಒಬ್ಬ ತಾಯಿ ಕೇಳಿದರು. ಆಕೆಯ ಮನೆಯ ಅಂಗಳದ ತುಂಬ ಹಿಕ್ಕೆ ಬಿದ್ದಿತ್ತು.

ಶಿರಾದ ಒಂದು ಸಣ್ಣ ಹೋಟೆಲಿನಲ್ಲಿ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಕೊನೆಯಲ್ಲಿ ಎರಡು ಲೋಟ ನೀರುಮಜ್ಜಿಗೆ. ಕಾಫಿ ಕೇಳಿದಾಗ ಮಾಲೀಕರು, "ಈ ಬಿಸ್ಲಿಗೆ ಕಾಫಿ ಬ್ಯಾಡಿ, ಮಜ್ಜಿಗೇನೇ ಇನ್ನೊಂದು ಲೋಟ ಕುಡೀರಿ" ಎಂದರು. ಮಾರಾಟ ತಪ್ಪಿದರೂ ಸರಿ, ಹೊಸಬ ಸುಸ್ತಾಗಬಾರದೆಂಬ ಕಾಳಜಿ. ಸಂಜೆಯವರೆಗೂ ನೆರಳಿನಲ್ಲಿದ್ದು, ಪಾವಗಡದ ಬಸ್ಸು ಹತ್ತಿದೆ.

ಪಾವಗಡ: ಬೇಡವೆಂದ ನೀರು

ಪಾವಗಡ ತುಮಕೂರು ಜಿಲ್ಲೆಯ ತಾಲೂಕಾದರೂ ಮೂರು ಕಡೆ ಆಂಧ್ರಪ್ರದೇಶದಿಂದ ಸುತ್ತುವರಿದಿದೆ. ಮಧುಗಿರಿಯಿಂದ ಅಲ್ಲಿಗೆ ಹೋಗುವ ದಾರಿಯೂ ನಡುವೆ ಆಂಧ್ರದ ನೆಲವನ್ನು ಹಾದು ಹೋಗುತ್ತದೆ. ಜನರ ಬಾಯಲ್ಲಿ ಕನ್ನಡ, ತೆಲುಗು ಎರಡೂ ಕೂಡಿ ಆಡುತ್ತವೆ. ಊರಿನ ಹಿಂದೆ ಕೋಟೆಯ ಬೆಟ್ಟ. ಪೇಟೆಯಲ್ಲಿ ಶನಿಮಹಾತ್ಮನ ದೇವಾಲಯಕ್ಕೆ ದೂರದೂರಿಂದ ಬರುವ ಭಕ್ತರ ಸಂದಣಿ. ಬರಗಾಲವೆಂಬ ಮಾತು ಈ ತಾಲೂಕಿನ ಹೆಸರಿನೊಡನೆ ತಲೆಮಾರುಗಳಿಂದ ಸೇರಿಕೊಂಡಿದೆ.

ಐದನೆಯ ದಿನ ಬೆಳಿಗ್ಗೆ ತಿರುಮಣಿಯ ಕಡೆಗೆ ಹೋದೆ. ಅಲ್ಲಿಯ ಸೌರ ವಿದ್ಯುತ್ ಉದ್ಯಾನದ ಹೆಸರನ್ನು ಎಲ್ಲರೂ ಕೇಳಿದ್ದಾರೆ. ತಿರುಮಣಿ, ಬಳಸಮುದ್ರ, ರಾಯಚೆರ್ಲು, ವಳ್ಳೂರು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ ಹರಡಿರುವ ಈ ಉದ್ಯಾನ 2018ರಲ್ಲಿ ಉದ್ಘಾಟನೆಯಾಗಿ, 2019ರ ಕೊನೆಯ ವೇಳೆಗೆ 2,050 ಮೆಗಾವಾಟ್ ಸಾಮರ್ಥ್ಯ ತಲುಪಿತು. ಭೂಮಿಯನ್ನು ಕೊಂಡುಕೊಳ್ಳದೆ, ರೈತರಿಂದ ದೀರ್ಘಾವಧಿಗೆ ಗುತ್ತಿಗೆಗೆ ಪಡೆದು, ಎಕರೆಗೆ ಇಷ್ಟೆಂದು ಪ್ರತಿವರ್ಷ ಬಾಡಿಗೆ ಕೊಡುವ ಏರ್ಪಾಡು ಇಲ್ಲಿಯದು. ಕಡಲೆಕಾಯಿ ಒಣಗಿಸುತ್ತಿದ್ದ ಅದೇ ಬಿಸಿಲು ಈಗ ಬೆಳೆಯಾಗಿದೆ. ಭೂಮಿಯಿದ್ದವನಿಗೆ ಮಳೆ ಬಂದರೂ ಬಾರದಿದ್ದರೂ ಬಾಡಿಗೆ ಬರುತ್ತದೆ. ಇದು ಸಣ್ಣ ಸಂಗತಿಯಲ್ಲ. ಆದರೆ ಭೂಮಿಯಿಲ್ಲದೆ ಕಳೆ ಕೀಳುವ ಕೂಲಿಯಿಂದ ಬದುಕುತ್ತಿದ್ದವರಿಗೂ, ಬೀಳುನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಬಾಡಿಗೆಯಿಲ್ಲ. ಬೇಲಿಯ ಹೊರಗೆ ನಿಂತು ನೋಡಿದಾಗ ಕಪ್ಪು ಹಲಗೆಗಳ ಸಾಲು ದಿಗಂತದವರೆಗೂ ಕೆರೆಯ ನೀರಿನಂತೆ ಹೊಳೆಯುತ್ತಿತ್ತು.

ಅಲ್ಲಿಂದ ಹಿಂದಿರುಗುವಾಗ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಎರಡು ಗಂಟೆ ಕಾಯಬೇಕು. ಹೊತ್ತು ನೆತ್ತಿಯ ಮೇಲಿತ್ತು. ರಸ್ತೆ ಬದಿಯ ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದ ವೃದ್ಧೆ ನನ್ನನ್ನು ಕರೆದರು. "ಬನ್ನಿ ಸ್ವಾಮಿ, ಕೂಕಳಿ. ಬಾಳ ಬಿಸ್ಲು" ಎಂದು ಚಾಪೆ ಹಾಸಿ, ಒಳಗೆ ಹೋಗಿ, ಬೆಳಗಿದ ಹಿತ್ತಾಳೆಯ ಚೊಂಬಿನಲ್ಲಿ ನೀರು ತಂದು ಎರಡೂ ಕೈಗಳಿಂದ ನೀಡಿದರು.

ಪಾವಗಡಕ್ಕೆ ಬರುವ ಮುಂಚೆ ನಾನು ಸ್ವಲ್ಪ ಓದಿಕೊಂಡಿದ್ದೆ. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಮ್ ಮೀರಿದರೆ ಅದು ಕುಡಿಯಲು ಯೋಗ್ಯವಲ್ಲವೆಂಬುದು ನಿಯಮ. ಇಲ್ಲಿಯ ಅನೇಕ ಕೊಳವೆಬಾವಿಗಳ ನೀರು ಆ ಮಿತಿಯನ್ನು ದಾಟಿದೆ. ಕೊಳವೆಬಾವಿ ಆಳಕ್ಕಿಳಿದು ಬಂಡೆಯ ಸಂದಿನ ನೀರನ್ನು ಎಳೆದಂತೆ ಈ ತೊಂದರೆ ಹೆಚ್ಚುತ್ತದೆ. ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ದೊಡ್ಡವರ ಮೂಳೆ ಕೀಲುಗಳು ಬಿಗಿಯುತ್ತವೆ. ಇದೆಲ್ಲ ತಲೆಯಲ್ಲಿತ್ತು. ನಾನು ಕೈಯಾಡಿಸಿ, "ಬೇಡ ತಾಯಿ" ಎಂದು, ಚೀಲದಿಂದ ನನ್ನ ಬಾಟಲಿಯನ್ನು ತೆಗೆದು ಆಕೆಯ ಎದುರಿಗೇ ಕುಡಿದೆ.

ಆಕೆ ಸ್ವಲ್ಪ ಹೊತ್ತು ಚೊಂಬನ್ನು ಹಿಡಿದೇ ನಿಂತಿದ್ದರು. ಅನಂತರ ಬೇಸರವಿಲ್ಲದ ದನಿಯಲ್ಲಿ ಹೇಳಿದರು: "ಬೋರಿನ ನೀರಲ್ಲ ಸ್ವಾಮಿ. ಫಿಲ್ಟರ್ ನೀರು. ದುಡ್ಡು ಹಾಕಿ ತಂದಿದ್ದು. ನಾವು ಅದನ್ನೂ ಇದನ್ನೂ ಕುಡಿತೀವಿ. ಬಂದೋರಿಗೆ ಅಂತ ಬ್ಯಾರೆ ಇಟ್ಟಿರ್ತೀನಿ."

ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ, ಕ್ಯಾನು ತುಂಬಿಸಿ, ಮೊಮ್ಮಗನ ಕೈಯಲ್ಲಿ ಸೈಕಲ್ಲಿನ ಮೇಲೆ ತರಿಸುವ ನೀರು ಅದು. ಮಂಡಿ ಬಗ್ಗಿಸಲು ಆಕೆ ಕಷ್ಟಪಡುತ್ತಿದ್ದುದನ್ನು ಚಾಪೆ ಹಾಸುವಾಗಲೇ ನಾನು ಕಂಡಿದ್ದೆ. ಅಂದರೆ ಒಳ್ಳೆಯ ನೀರನ್ನು ಗುರುತು ಪರಿಚಯವಿಲ್ಲದ ದಾರಿಹೋಕರಿಗೆಂದು ಎತ್ತಿಟ್ಟು, ಎಷ್ಟೋ ಸಲ ಕೆಟ್ಟ ನೀರನ್ನು ಆಕೆ ತಾನು ಕುಡಿಯುತ್ತಿದ್ದರು. ಆ ನೀರನ್ನು ನಾನು ಬೇಡವೆಂದಿದ್ದೆ.

ನನ್ನ ಎಚ್ಚರಿಕೆ ತಪ್ಪೆಂದು ನಾನು ಹೇಳಲಾರೆ. ಆರೋಗ್ಯವನ್ನು ಕಾಪಾಡಿಕೊಳ್ಳುವುದು ಕರ್ತವ್ಯ. ವಿವೇಕವನ್ನು ಧರ್ಮಸಭೆಯು ಸದ್ಗುಣಗಳಲ್ಲಿ ಒಂದೆಂದು ಎಣಿಸುತ್ತದೆ. ಆದರೆ ವಿವೇಕದ ಮೊದಲ ಹೆಜ್ಜೆ ವಿಚಾರಿಸುವುದು. "ಇದು ಯಾವ ನೀರು ತಾಯಿ?" ಎಂದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಕೊರಟಗೆರೆಯಲ್ಲಿ ಮರಳನ್ನು ನೋಡಿ ನದಿ ಬತ್ತಿದೆ ಎಂದವನು, ಪಾವಗಡದಲ್ಲಿ ಚೊಂಬನ್ನು ನೋಡಿ ನೀರು ಕೆಟ್ಟದ್ದು ಎಂದುಕೊಂಡೆ. ಊರಿನ ವಿಷಯ ಓದಿಕೊಂಡಿದ್ದೆ. ಎದುರಿಗಿದ್ದವರನ್ನು ಕೇಳಲಿಲ್ಲ.

"ತಪ್ಪಾಯಿತು ತಾಯಿ, ಕೊಡಿ" ಎಂದು ಕೈ ಚಾಚಿದೆ. ಆಕೆ ನಕ್ಕು ಚೊಂಬು ಕೊಟ್ಟರು. ತಣ್ಣನೆಯ ನೀರು. ಮಣ್ಣಿನ ಮಡಕೆಯದು. ಪೂರ್ತಿ ಕುಡಿದೆ. ಬಸ್ಸು ಬರುವವರೆಗೆ ಆಕೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿರುವ ಮಗ ಸೊಸೆಯರ ವಿಷಯ ಹೇಳುತ್ತಿದ್ದರು. ಹೊರಡುವಾಗ, "ನಿಮ್ಮೂರಲ್ಲಿ ನೀರಿಗೆ ತೊಂದ್ರೆ ಇಲ್ವಾ ಸ್ವಾಮಿ?" ಎಂದು ಕೇಳಿದರು. ಆಕೆಯ ಮಗ ನಮ್ಮ ಊರಿನಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ಅವನಿಗೆ ಕುಡಿಯುವ ನೀರು ಕೊಡುವವರು ಯಾರಾದರೂ ಇದ್ದಾರೆಯೇ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಉತ್ತರ ಕೊಡಲಿಲ್ಲ.

ಹಿಂದಿರುಗಿ ಬಂದ ಮೇಲೆ

ಮಧುಗಿರಿಯ ಮಾರ್ಗವಾಗಿ ಹಿಂದಿರುಗುವ ಬಸ್ಸಿನಲ್ಲಿ ಸಂತ ಪೀಟರ್ ಕ್ಲೇವರ್ ಅವರ ಕಥೆ ಮತ್ತೆ ನೆನಪಾಯಿತು. ಒಳನಾಡಿನಲ್ಲಿ ವ್ಯಾಸಂಗ ಮುಗಿಸಿ, 1616ರಲ್ಲಿ ಕಾರ್ಟಹೇನಾದಲ್ಲಿ ಗುರುದೀಕ್ಷೆ ಪಡೆದ ಅವರು, 1654ರಲ್ಲಿ ತೀರಿಕೊಳ್ಳುವವರೆಗೂ ಆ ಸೆಕೆಯ ಊರನ್ನು ಬಿಡಲಿಲ್ಲ. ಆಫ್ರಿಕದಿಂದ ಗುಲಾಮರನ್ನು ತುಂಬಿಕೊಂಡ ಹಡಗು ಬಂದರಿಗೆ ಬಂದಿತೆಂದು ತಿಳಿದೊಡನೆ ಅವರು ಹೋಗುತ್ತಿದ್ದರು. ಕೈಯಲ್ಲಿ ನೀರು, ಹಣ್ಣು, ತಿನಿಸು. ಉಪದೇಶ ಆಮೇಲೆ. ಭಾಷೆ ತಿಳಿಯದ ಕಡೆ ಆಫ್ರಿಕದವರೇ ಆದ ದುಭಾಷಿಗಳನ್ನು ಕರೆದೊಯ್ದು, ಬಂದವರು ಯಾರು, ಯಾವ ನಾಡಿನವರು, ಏನು ನೋವು ಎಂದು ವಿಚಾರಿಸುತ್ತಿದ್ದರು. 1888ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಬಿಸಿಲೂರಿನಲ್ಲಿ ಹೊಸಬನಾಗಿ ಕಳೆದ ತಮ್ಮ ಮೊದಲ ದಿನಗಳನ್ನು ಅವರು ಮರೆತಿರಲಿಲ್ಲವೆಂದು ನನಗೆ ಅನಿಸುತ್ತದೆ. ಬಾಯಾರಿ ಬಂದಿಳಿದವನಿಗೆ ಮೊದಲು ಏನು ಬೇಕೆಂಬುದು ತಾನೂ ಬಾಯಾರಿದವನಿಗೇ ತಿಳಿಯುತ್ತದೆ.

ಯೋವಾನ್ನರ ಶುಭಸಂದೇಶದಲ್ಲಿಯೂ ಒಬ್ಬ ಪ್ರಯಾಣಿಕರಿದ್ದಾರೆ. ನಡೆದು ದಣಿದು, ಪರಸ್ಥಳದ ಬಾವಿಯ ಬಳಿ ಕುಳಿತಾಗ ಆರನೆಯ ಗಳಿಗೆ, ಅಂದರೆ ಅದೇ ನಡುಮಧ್ಯಾಹ್ನ. ನೀರು ಸೇದಲು ಬಂದ ಸಮಾರಿಯದ ಹೆಂಗಸಿನ ಬಳಿ ಯೇಸುಸ್ವಾಮಿ ಮೊದಲು ಆಡಿದ ಮಾತು ಬೋಧನೆಯಲ್ಲ, ಬೇಡಿಕೆ: ಕುಡಿಯಲು ನೀರು ಕೇಳಿದರು. ಜೀವಜಲದ ಮಾತು ಬಂದದ್ದು ಆ ಮೇಲೆ. ಈ ಭಾಗವನ್ನು ನಾನು ಎಷ್ಟು ಸಲ ಬೋಧಿಸಿದ್ದೇನೋ ಲೆಕ್ಕವಿಲ್ಲ. ಆ ದಿನ ಪಾವಗಡದ ಜಗಲಿಯಲ್ಲಿ, ಕೇಳುವ ಮೊದಲೇ ಕೊಟ್ಟ ನೀರನ್ನು ಬೇಡವೆಂದವನು ನಾನು.

ಓದುಗರಿಗೆ ಒಂದು ಮಾತು. ಈ ರಜೆಯಲ್ಲಿ ತಂಪಾದ ಊರುಗಳಿಗೆ ಹೋಗಿ ಬನ್ನಿ. ಅದರಲ್ಲಿ ತಪ್ಪೇನೂ ಇಲ್ಲ. ಬಿಡುವಾದರೆ ಒಂದು ದಿನ ಈ ಕಡೆಗೂ ಬನ್ನಿ. ಬೆಟ್ಟವನ್ನು ನಸುಕಿನಲ್ಲಿ ಹತ್ತಿ, ಮಧ್ಯಾಹ್ನ ನೆರಳಿನಲ್ಲಿರಿ. ಕಾಫಿಗೆ ಬದಲು ಮಜ್ಜಿಗೆ ಕುಡಿಯಿರಿ. ಊರಿನವರು ಹೇಳಿದ್ದನ್ನು ಕೇಳಿ, ತಿಳಿಯದಿದ್ದರೆ ವಿಚಾರಿಸಿ. ಹಿಂದಿರುಗಿದ ಮೇಲೆ, ನಿಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿರುವವರು ಯಾವ ಊರಿನವರೆಂದು ಒಮ್ಮೆ ಕೇಳಿ ನೋಡಿ. ಪಾವಗಡದವರೋ ಶಿರಾ ಕಡೆಯವರೋ ಇದ್ದರೂ ಇರಬಹುದು. ನಮ್ಮ ಗುರುಮನೆಯ ಗೇಟಿನ ಬಳಿ ಈಗ ಒಂದು ಮಣ್ಣಿನ ಹರವಿಯನ್ನು ಇಟ್ಟಿದ್ದೇವೆ. ಬೆಳಿಗ್ಗೆ ತುಂಬಿಸಿದರೆ ಸಂಜೆಯೊಳಗೆ ಖಾಲಿಯಾಗುತ್ತದೆ.